ತರಕಾರಿಗೆ ನಂಜುರೋಗ: ಗಿಡಕ್ಕೆ ಔಷಧಿ ಹುಡುಕುವ ಮೊದಲು ಅದು ಬರುವ ದಾರಿ ಮುಚ್ಚಿ

ನಾಟಿ ಮಾಡಿದ ಇಪ್ಪತ್ತನೇ ದಿನಕ್ಕೆ ಟೊಮೆಟೊ ಗಿಡದ ಕುಡಿ ಮುದುಡಿ, ಎಲೆ ಸಣ್ಣದಾಗಿ, ಅಂಚು ಹಳದಿ ತಿರುಗಿ ಮೇಲಕ್ಕೆ ಮಡಚಿಕೊಂಡಿದ್ದರೆ ಅದು ನಂಜುರೋಗ, ಅಂದರೆ ವೈರಸ್ ರೋಗ ಇರಬಹುದು. ಹೌದಾದರೆ ಆ ಗಿಡದ ಮಟ್ಟಿಗೆ ಮಾಡಲು ಏನೂ ಉಳಿದಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ತೋಟಗಳಲ್ಲಿ ದುಡ್ಡು ಸುಮ್ಮನೆ ಹೋಗುವುದು ಇಲ್ಲಿಂದ ಮುಂದೆಯೇ. ಎಲೆ ಕಿತ್ತು ಜೇಬಿಗೆ ಹಾಕಿಕೊಂಡು ಔಷಧಿ ಅಂಗಡಿಗೆ ಹೋಗುತ್ತೇವೆ, ‘ವೈರಸ್‌ಗೆ ಇದು ಹೊಡೀರಿ’ ಎಂದು ಎರಡು ಬಾಟಲಿ ಕೊಡುತ್ತಾರೆ. ಶಿಲೀಂಧ್ರಕ್ಕೆ ಔಷಧಿ ಇದೆ, ಹುಳುವಿಗೆ ಇದೆ. ಗಿಡದ ಜೀವಕೋಶದ ಒಳಗೆ ಸೇರಿಕೊಂಡ ವೈರಸ್ಸನ್ನು ಹೊಲದಲ್ಲಿ ಸಿಂಪಡಿಸಿ ವಾಸಿ ಮಾಡುವ ಔಷಧಿ ಮಾತ್ರ ಇವತ್ತಿಗೂ ಇಲ್ಲ. ಅಂಥ ಬಾಟಲಿಯಲ್ಲಿ ಲಘು ಪೋಷಕಾಂಶ ಇರಬಹುದು, ಕೀಟನಾಶಕ ಇರಬಹುದು, ಏನಿದೆ ಎಂದು ಬರೆಯದೆಯೂ ಇರಬಹುದು. 1968ರ ಕೀಟನಾಶಕ ಕಾಯ್ದೆಯಂತೆ ಮಾರುವ ಪ್ರತಿ ಕೀಟನಾಶಕದ ಲೇಬಲ್ ಮೇಲೆ ನೋಂದಣಿ ಸಂಖ್ಯೆ ಇರಬೇಕು. ಅದಿಲ್ಲದ ‘ವೈರಸ್ ಔಷಧಿ’ಯನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ವೈರಸ್ ತಾನಾಗಿ ನಡೆದು ಬರುವುದಿಲ್ಲ, ಹಾರಿ ಬರುವುದಿಲ್ಲ. ಯಾರಾದರೂ ಹೊತ್ತು ತರಬೇಕು. ಯಾರು ತರುತ್ತಾರೆ, ತರಲು ಅವರಿಗೆ ಎಷ್ಟು ಹೊತ್ತು ಬೇಕು ಎಂಬುದು ಗೊತ್ತಾದರೆ ದಾರಿ ಎಲ್ಲಿ ಕಟ್ಟಬೇಕು ಎಂಬುದೂ ಗೊತ್ತಾಗುತ್ತದೆ. ಈ ಲೇಖನದ ಹಂತಗಳೆಲ್ಲ ಆ ಲೆಕ್ಕದ ಮೇಲೇ ನಿಂತಿವೆ. ಟೊಮೆಟೊವನ್ನು ಮುಂದಿಟ್ಟುಕೊಂಡು ಬರೆದಿದ್ದೇನೆ. ಮೆಣಸಿನಕಾಯಿ, ಬೆಂಡೆ, ಬಳ್ಳಿ ತರಕಾರಿಗಳು ಬೇರೆ ದಾರಿ ಹಿಡಿಯುವ ಕಡೆ ಅದನ್ನೂ ಹೇಳಿದ್ದೇನೆ.

ಹಂತ 1: ನಂಜುರೋಗವೇ ಹೌದೇ, ನೋಡಿ

ಮುದುಡಿದ ಎಲೆಯೆಲ್ಲ ವೈರಸ್ ಅಲ್ಲ. ಮೊದಲು ಬದುವಿನ ಮೇಲೆ ನಿಂತು ಇಡೀ ತೋಟ ನೋಡಿ. ವೈರಸ್ ಬಂದ ತೋಟದಲ್ಲಿ ರೋಗದ ಗಿಡಗಳು ಅಲ್ಲೊಂದು ಇಲ್ಲೊಂದು ಇರುತ್ತವೆ, ದಿನ ಕಳೆದಂತೆ ಅವುಗಳ ಸುತ್ತ ಹೆಚ್ಚುತ್ತವೆ. ತೋಟದ ಒಂದು ಮಗ್ಗುಲಿನ ಗಿಡಗಳೆಲ್ಲ ಎರಡು ಮೂರು ದಿನದೊಳಗೆ ಒಟ್ಟಿಗೆ ಕೆಟ್ಟಿದ್ದರೆ ಪಕ್ಕದ ಹೊಲದಲ್ಲಿ ಏನು ಸಿಂಪಡಿಸಿದರು ಎಂದು ಕೇಳಿ. ಜೋಳಕ್ಕೋ ಕಬ್ಬಿಗೋ ಹೊಡೆದ 2,4-ಡಿ ಕಳೆನಾಶಕ ಗಾಳಿಯಲ್ಲಿ ತೇಲಿ ಬಂದರೆ ಟೊಮೆಟೊ ಎಲೆ ದಾರದಂತೆ ಕಿರಿದಾಗಿ ತಿರುಚಿಕೊಳ್ಳುತ್ತದೆ. ನೋಡಿದವರು ವೈರಸ್ ಎಂದೇ ಅಂದುಕೊಳ್ಳುತ್ತಾರೆ.

ಕೆಳಗಿನ ಎಲೆ ಮಾತ್ರ ದಪ್ಪಗಾಗಿ ಒಳಕ್ಕೆ ಸುರುಳಿಕೊಂಡು, ಮೇಲಿನ ಕುಡಿ ಚೆನ್ನಾಗಿ ಬರುತ್ತಿದ್ದರೆ ಅದು ಬಿಸಿಲು, ನೀರಿನ ಏರುಪೇರು ಅಥವಾ ಕುಡಿ ಜಾಸ್ತಿ ಚಿವುಟಿದ್ದರಿಂದ ಆದದ್ದು. ಅದಕ್ಕೆ ಗಿಡ ಕೀಳಬೇಡಿ. ವೈರಸ್ ಸಾಮಾನ್ಯವಾಗಿ ಮೊದಲು ಹೊಸ ಚಿಗುರಿನಲ್ಲಿ ತೋರುತ್ತದೆ.

ಬೆಂಡೆಯಲ್ಲಿ ಗುರುತು ಇನ್ನೂ ಸುಲಭ. ಹಳದಿ ನಂಜುರೋಗದಲ್ಲಿ ಎಲೆಯ ನರಗಳು ಹಳದಿಯಾಗಿ ಬಲೆ ಹೆಣೆದಂತೆ ಕಾಣುತ್ತವೆ, ನಡುವಿನ ಭಾಗ ಹಸಿರಾಗಿರುತ್ತದೆ. ಕಬ್ಬಿಣದ ಕೊರತೆಯಲ್ಲಿ ಇದು ತಿರುಗುಮುರುಗು: ನರ ಹಸಿರು, ನಡುವೆ ಹಳದಿ. ಮೊದಲನೆಯದಕ್ಕೆ ಎಷ್ಟು ಪೋಷಕಾಂಶ ಹೊಡೆದರೂ ಪ್ರಯೋಜನವಿಲ್ಲ, ಎರಡನೆಯದು ಸಿಂಪಡಣೆಯಲ್ಲಿ ಸರಿಹೋಗುತ್ತದೆ.

ಹೆಚ್ಚು ಗೊಂದಲ ಇರುವುದು ಮೆಣಸಿನಕಾಯಿಯಲ್ಲಿ. ಬ್ಯಾಡಗಿ ಕಡೆಯಿರಲಿ ಬಯಲುಸೀಮೆಯಿರಲಿ, ಮುಟುರು ರೋಗ ಎಂದು ಕರೆಯುವುದರ ಹಿಂದೆ ಕನಿಷ್ಠ ಮೂರು ಕಾರಣ ಇರುತ್ತವೆ. ಥ್ರಿಪ್ಸ್ ನುಸಿ ರಸ ಹೀರಿದರೆ ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿಯಾಕಾರ ಆಗುತ್ತದೆ. ಮೈಟ್ ನುಸಿಯಾದರೆ ಎಲೆ ಕೆಳಕ್ಕೆ ಬಾಗಿ, ತೊಟ್ಟು ಉದ್ದವಾಗುತ್ತದೆ. ಬಿಳಿ ನೊಣ ತಂದ ಎಲೆ ಮುಟುರು ವೈರಸ್ಸಿನಲ್ಲಿ ಎಲೆ ಚಿಕ್ಕದಾಗಿ ಉಬ್ಬುತಗ್ಗಾಗಿ, ನರ ದಪ್ಪವಾಗಿ, ಗೆಣ್ಣುಗಳು ಒತ್ತೊತ್ತಾಗಿ ಗಿಡ ಕುಳ್ಳಾಗುತ್ತದೆ. ಪರೀಕ್ಷೆ ಹೀಗೆ ಮಾಡಿ: ಒಂದು ಬಿಳಿ ಹಾಳೆಯನ್ನು ಕುಡಿಯ ಕೆಳಗೆ ಹಿಡಿದು ಬೆರಳಿನಿಂದ ನಾಲ್ಕೈದು ಸಲ ತಟ್ಟಿ. ಎಳ್ಳಿಗಿಂತ ಸಣ್ಣ, ಉದ್ದನೆಯ, ತೆಳು ಹಳದಿ ಅಥವಾ ಕಪ್ಪು ಹುಳು ಸರಸರ ಓಡಿದರೆ ಥ್ರಿಪ್ಸ್. ಮೈಟ್ ಬರಿಗಣ್ಣಿಗೆ ಸಿಗುವುದಿಲ್ಲ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಬೇಕು. ನೂರಿನ್ನೂರು ರೂಪಾಯಿಗೆ ಸಿಗುತ್ತದೆ, ತರಕಾರಿ ಬೆಳೆಯುವವರೆಲ್ಲ ಒಂದು ಇಟ್ಟುಕೊಳ್ಳಬೇಕು. ಥ್ರಿಪ್ಸ್, ಮೈಟ್‌ಗೆ ಸರಿಯಾದ ಔಷಧಿ ಹೊಡೆದ ಮೇಲೆ ಬರುವ ಹೊಸ ಎಲೆ ಚೊಕ್ಕವಾಗಿರುತ್ತದೆ. ವೈರಸ್ ಆಗಿದ್ದರೆ ಹೊಸ ಎಲೆ ಹಳೆಯದಕ್ಕಿಂತ ಕೆಟ್ಟದಾಗಿರುತ್ತದೆ.

ಟೊಮೆಟೊದಲ್ಲಿ ಎರಡು ವೈರಸ್ಸುಗಳನ್ನು ಬೇರೆ ಬೇರೆಯಾಗಿ ಗುರುತಿಸಲೇಬೇಕು. ಎಲೆ ಮುಟುರು ರೋಗದಲ್ಲಿ ಗಿಡ ಸಾಯುವುದಿಲ್ಲ. ಕುಳ್ಳಾಗಿ, ಪೊದೆಯಾಗಿ, ಹೂ ಉದುರಿ, ಕಾಯಿ ಕಟ್ಟದೆ ನಿಂತಿರುತ್ತದೆ. ಕುಡಿ ಸಾಯುವ ರೋಗ ಬೇರೆ. ಅಲ್ಲಿ ಎಳೆ ಎಲೆ ಮೊದಲು ತಾಮ್ರದ ಬಣ್ಣಕ್ಕೆ ತಿರುಗುತ್ತದೆ, ಸಣ್ಣ ಕಂದು ಚುಕ್ಕೆ ಕಾಣುತ್ತವೆ, ಕಾಂಡದ ಮೇಲೆ ಕಪ್ಪು ಗೆರೆ ಎದ್ದು ಕುಡಿ ಸುಟ್ಟಂತೆ ಒಣಗುತ್ತದೆ. ಕಾಯಿ ಉಳಿದರೆ ಅದರ ಮೇಲೆ ಉಂಗುರ ಉಂಗುರವಾಗಿ ಮಚ್ಚೆ. ಇದಕ್ಕೆ ಕಾರಣ ಶೇಂಗಾ ಮೊಗ್ಗು ಒಣಗಿಸುವ ವೈರಸ್ಸೇ. ಶೇಂಗಾದಿಂದ ಟೊಮೆಟೊ, ಮೆಣಸಿನಕಾಯಿವರೆಗೆ ಹಲವು ಬೆಳೆಗೆ ಹೋಗುತ್ತದೆ. ಮೊದಲನೆಯದು ಬಿಳಿ ನೊಣದ್ದು, ಎರಡನೆಯದು ಥ್ರಿಪ್ಸ್‌ನದು. ಬಹಳ ಜನ ಕುಡಿ ಸಾಯುವ ರೋಗವನ್ನು ಅಂಗಮಾರಿ ಎಂದುಕೊಂಡು ಶಿಲೀಂಧ್ರನಾಶಕ ಹೊಡೆಯುತ್ತಾ ಹದಿನೈದು ದಿನ ಕಳೆಯುತ್ತಾರೆ.

ಅನುಮಾನ ಉಳಿದರೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಗೆ ಮಾದರಿ ಒಯ್ಯಿರಿ. ಕುಡಿಯ ಸಮೇತ ಎಳೆ ಎಲೆ ತೆಗೆದುಕೊಂಡು ಪತ್ರಿಕೆಯಲ್ಲಿ ಸುತ್ತಿ. ಒದ್ದೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ತಲುಪುವಷ್ಟರಲ್ಲಿ ಕೊಳೆತಿರುತ್ತದೆ. ಸತ್ತ ಗಿಡದಿಂದ ಏನೂ ತಿಳಿಯುವುದಿಲ್ಲ, ರೋಗ ಶುರುವಾದ ಗಿಡ ಬೇಕು. ಹೋಗಲಾಗದಿದ್ದರೆ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು.

ಹಂತ 2: ಹೊತ್ತು ತಂದವರು ಯಾರು, ತಿಳಿದುಕೊಳ್ಳಿ

ಬಿಳಿ ನೊಣ. ಟೊಮೆಟೊ ಮತ್ತು ಮೆಣಸಿನಕಾಯಿಯ ಎಲೆ ಮುಟುರು, ಬೆಂಡೆಯ ಹಳದಿ ನಂಜು ಇದರ ಕೆಲಸ. ರೋಗದ ಗಿಡದ ಮೇಲೆ ಹತ್ತು ನಿಮಿಷದಿಂದ ಅರ್ಧ ಗಂಟೆ ಕೂತು ರಸ ಹೀರಿದರೆ ವೈರಸ್ ಅದರ ಹೊಟ್ಟೆ ಸೇರುತ್ತದೆ. ಅಲ್ಲಿಂದ ಎಂಜಲಿಗೆ ಬರಲು ಕೆಲವು ಗಂಟೆ ಬೇಕು. ಆಮೇಲೆ ಎಷ್ಟೋ ದಿನ ಅದು ಕೂತ ಗಿಡಕ್ಕೆಲ್ಲ ರೋಗ ಹಂಚುತ್ತದೆ. ಕೈಯಿಂದ, ಕತ್ತರಿಯಿಂದ ಟೊಮೆಟೊ ಎಲೆ ಮುಟುರು ಹರಡುವುದಿಲ್ಲ. ಈ ನೊಣದ ‘ಬಿ’ ಎಂಬ ಹೊರದೇಶದ ತಳಿ ಭಾರತದಲ್ಲಿ ಮೊದಲು ಕಂಡದ್ದು ಕೋಲಾರ ಜಿಲ್ಲೆಯಲ್ಲೇ, 1999ರಲ್ಲಿ. ನಮ್ಮ ಹಳೆಯ ನೊಣಕ್ಕಿಂತ ಅದು ಟೊಮೆಟೊ ಮೇಲೆ ಚೆನ್ನಾಗಿ ಮರಿ ಮಾಡುತ್ತದೆ. ಬೇಸಿಗೆಯ ಟೊಮೆಟೊಗೆ ಮುಟುರು ರೋಗ ಇಷ್ಟು ಜೋರಾಗಿ ಬೀಳುವುದೂ ಬಿಸಿಲಿನಲ್ಲಿ ನೊಣ ಬೇಗ ಬೇಗ ಹೆಚ್ಚುವುದರಿಂದ.

ಥ್ರಿಪ್ಸ್. ಇದರ ವಿಚಾರದಲ್ಲಿ ಒಂದು ಅಂಶ ರೈತರಿಗೆ ಬಹಳ ಉಪಯೋಗಕ್ಕೆ ಬರುತ್ತದೆ. ಕುಡಿ ಸಾಯುವ ರೋಗದ ವೈರಸ್ಸನ್ನು ಥ್ರಿಪ್ಸ್ ಹಿಡಿದುಕೊಳ್ಳುವುದು ಮರಿಯಾಗಿದ್ದಾಗ ಮಾತ್ರ. ದೊಡ್ಡದಾದ ಮೇಲೆ ರೋಗದ ಗಿಡದ ರಸ ಹೀರಿದರೂ ಅದು ರೋಗ ಹರಡಲಾರದು. ಮರಿಯಲ್ಲಿ ಹಿಡಿದದ್ದು ಮಾತ್ರ ರೆಕ್ಕೆ ಬಂದ ಮೇಲೆ ಸಾಯುವತನಕ ಹಂಚುತ್ತಲೇ ಇರುತ್ತದೆ. ಅಂದರೆ ನಿಮ್ಮ ತೋಟಕ್ಕೆ ರೋಗ ತಂದ ಥ್ರಿಪ್ಸ್ ಹುಟ್ಟಿ ಬೆಳೆದದ್ದು ಇನ್ನೆಲ್ಲೋ ಇರುವ ರೋಗದ ಗಿಡದ ಮೇಲೆ: ಬದುವಿನ ಕಳೆಯಲ್ಲಿ, ಪಕ್ಕದ ಮುಗಿದ ಬೆಳೆಯಲ್ಲಿ. ಆ ತೊಟ್ಟಿಲು ಕಿತ್ತರೆ ರೋಗದ ಬೇರು ಕಿತ್ತ ಹಾಗೆ.

ಸಸ್ಯಹೇನು. ಸೌತೆ, ಕುಂಬಳ, ಕಲ್ಲಂಗಡಿ, ಮೆಣಸಿನಕಾಯಿಗೆ ಬರುವ, ಎಲೆಯಲ್ಲಿ ಹಸಿರು ಹಳದಿ ಮಚ್ಚೆ ಮೂಡಿಸುವ ಮೊಸಾಯಿಕ್ ರೋಗಗಳಲ್ಲಿ ಹೆಚ್ಚಿನವು ಇದರದ್ದು. ಇಲ್ಲಿ ಸಮಯ ನಿಮಿಷಗಳ ಲೆಕ್ಕವಲ್ಲ, ಸೆಕೆಂಡುಗಳ ಲೆಕ್ಕ. ರೆಕ್ಕೆಯ ಹೇನು ಒಂದು ಎಲೆಗೆ ಸೂಜಿ ಚುಚ್ಚಿ ರುಚಿ ನೋಡುವಷ್ಟರಲ್ಲಿ ವೈರಸ್ ಅದರ ಮೂತಿಗೆ ಅಂಟುತ್ತದೆ. ಮುಂದಿನ ಗಿಡದಲ್ಲಿ ಹಾಗೆಯೇ ಚುಚ್ಚಿದರೆ ರೋಗ ಅಂಟಿತು. ನೀವು ಹೊಡೆದ ಕೀಟನಾಶಕ ಹೇನನ್ನು ಕೊಲ್ಲುವ ಮೊದಲೇ ಅದು ಕೆಲಸ ಮುಗಿಸಿರುತ್ತದೆ. ಕೆಲವು ಸಲ ಔಷಧಿ ತಗುಲಿ ಗಾಬರಿಯಾದ ಹೇನುಗಳು ಗಿಡದಿಂದ ಗಿಡಕ್ಕೆ ಹಾರಿ ಇನ್ನಷ್ಟು ಹರಡುತ್ತವೆ. ಆದರೆ ಎರಡು ಮೂರು ಬೇರೆ ಗಿಡಕ್ಕೆ ಚುಚ್ಚಿದರೆ ಮೂತಿಯ ವೈರಸ್ ಅಲ್ಲೇ ಒರೆಸಿಹೋಗುತ್ತದೆ. ಸುತ್ತ ಜೋಳದ ಸಾಲು ಹಾಕಿ ಎನ್ನುವುದಕ್ಕೆ ಇದೇ ಕಾರಣ.

ಪರಾಗ. ಇದು ಹೆಚ್ಚು ಜನರಿಗೆ ಗೊತ್ತಿಲ್ಲದ ದಾರಿ. ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡದಲ್ಲಿ ತಂಬಾಕು ಸ್ಟ್ರೀಕ್ ವೈರಸ್ ಯಾವ ಲಕ್ಷಣವೂ ಇಲ್ಲದೆ ಇರುತ್ತದೆ. ಅದರ ಪರಾಗ ಗಾಳಿಯಲ್ಲೋ ಥ್ರಿಪ್ಸ್ ಮೈಗೆ ಅಂಟಿಯೋ ಪಕ್ಕದ ಬೆಳೆಯ ಎಲೆ ಮೇಲೆ ಬೀಳುತ್ತದೆ, ಥ್ರಿಪ್ಸ್ ಕೆರೆದ ಗಾಯದಲ್ಲಿ ವೈರಸ್ ಒಳಗಿಳಿಯುತ್ತದೆ. 1997ರಲ್ಲಿ ಬಾಗೇಪಲ್ಲಿ ಕಡೆ ಸೂರ್ಯಕಾಂತಿ ಒಣಗಿದ್ದು, 2000ರಲ್ಲಿ ಗಡಿಯಾಚೆ ಅನಂತಪುರ ಜಿಲ್ಲೆಯಲ್ಲಿ ಎರಡು ಲಕ್ಷ ಹೆಕ್ಟೇರಿಗೂ ಮೀರಿ ಶೇಂಗಾ ಹಾಳಾದದ್ದು ಈ ವೈರಸ್ಸಿನಿಂದ. ಬೆಂಡೆ, ಸೌತೆ, ಮೆಣಸಿನಕಾಯಿಗೂ ಇದು ಬರುತ್ತದೆ.

ಕೈ ಮತ್ತು ಬೀಜ. ಟೊಮೆಟೊ, ದಪ್ಪ ಮೆಣಸಿನಕಾಯಿಯ ಟೊಬ್ಯಾಮೊ ಗುಂಪಿನ ವೈರಸ್ಸುಗಳಿಗೆ ಕೀಟವೇ ಬೇಕಿಲ್ಲ. ಅವುಗಳ ಮಾತು ಏಳನೇ ಹಂತದಲ್ಲಿ ಬರುತ್ತದೆ.

ಹಂತ 3: ಬಿತ್ತುವ ಮೊದಲು ಜಾಗ ಮತ್ತು ತಳಿ ತೀರ್ಮಾನಿಸಿ

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ದೊಡ್ಡ ತಪ್ಪು ನಡೆಯುವುದು ಇಲ್ಲಿ. ಹಳೆಯ ಟೊಮೆಟೊ ಕೊನೆಯ ಕೊಯ್ಲಿನಲ್ಲಿ ಇರುವಾಗಲೇ ಅದರ ಪಕ್ಕದ ತುಂಡಿನಲ್ಲಿ ಹೊಸ ನಾಟಿ ಹಾಕುತ್ತೇವೆ. ಒಂದೇ ಬೋರ್‌ವೆಲ್, ಒಂದೇ ಡ್ರಿಪ್ ಲೈನ್, ಅನುಕೂಲ ಎಂದು. ಹಳೆಯ ತೋಟದ ಎಲೆ ಒಣಗುತ್ತಿದ್ದಂತೆ ಅದರ ಬಿಳಿ ನೊಣವೆಲ್ಲ ಎಳೆ ಗಿಡಕ್ಕೆ ಏಳುತ್ತದೆ, ಬರುವಾಗ ವೈರಸ್ಸನ್ನೂ ತರುತ್ತದೆ. ಎಷ್ಟು ದೂರ ಸಾಧ್ಯವೋ ಅಷ್ಟು ದೂರ ಹಾಕಿ. ಜಾಗ ಇರುವುದೇ ಅಷ್ಟು ಎಂದಾದರೆ ಗಾಳಿ ನೋಡಿ. ಬಿಳಿ ನೊಣ ತನ್ನ ರೆಕ್ಕೆಯ ಬಲದಿಂದ ದೂರ ಹೋಗಲಾರದು, ಗಾಳಿ ಎತ್ತಿದ ಕಡೆ ಹೋಗುತ್ತದೆ. ಮುಂಗಾರಿನಲ್ಲಿ ನಮ್ಮಲ್ಲಿ ಗಾಳಿ ಪಡುವಣದಿಂದ ಬೀಸುವುದರಿಂದ ಹೊಸ ನಾಟಿ ಹಳೆಯದಕ್ಕೆ ಪಶ್ಚಿಮಕ್ಕಿರಲಿ.

ನಾಟಿಗೆ ಮೂರು ವಾರ ಮೊದಲೇ ಬದು ಚೊಕ್ಕ ಮಾಡಿ. ಕಾಂಗ್ರೆಸ್ ಗಿಡ ಹೂ ಬಿಡುವ ಮೊದಲು ಕೀಳಬೇಕು. ನಾಯಿತುಳಸಿ, ಗಣಿಕೆ ಗಿಡ, ದತ್ತೂರಿ, ಹಿಂದಿನ ಬೆಳೆಯ ಉದುರು ಬೀಜದಿಂದ ತಾನಾಗಿ ಎದ್ದ ಟೊಮೆಟೊ ಸಸಿ ಇವೆಲ್ಲ ವೈರಸ್ ಕಾದಿಡುವ ಗಿಡಗಳು. ನಾಟಿ ಆದ ಮೇಲೆ ಕಳೆ ಕಿತ್ತರೆ ಅದರ ಮೇಲಿದ್ದ ಥ್ರಿಪ್ಸ್ ಮತ್ತು ನೊಣ ನೇರ ನಿಮ್ಮ ಸಸಿಗೇ ಬರುತ್ತವೆ. ಹಾಗಾಗಿ ಮೊದಲೇ ಕೀಳಬೇಕು.

ತಳಿ ಆರಿಸುವಾಗ ಪ್ಯಾಕೆಟ್ ಮೇಲೆ ‘ವೈರಸ್ ನಿರೋಧಕ’ ಎಂದು ಕಂಡ ಕೂಡಲೇ ಕೊಳ್ಳಬೇಡಿ. ಯಾವ ವೈರಸ್ಸಿಗೆ ಎಂದು ಕೇಳಿ. ಹೆಸರಘಟ್ಟದ ಅರ್ಕಾ ರಕ್ಷಕ್, ಅರ್ಕಾ ಸಾಮ್ರಾಟ್ ಹೈಬ್ರಿಡ್‌ಗಳು ಎಲೆ ಮುಟುರು, ದುಂಡಾಣು ಸೊರಗು, ಎಲೆ ಅಂಗಮಾರಿ ಮೂರನ್ನೂ ತಡೆಯುವಂತೆ ಮಾಡಿದವು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ನಂದಿ, ಸಂಕ್ರಾಂತಿ, ವೈಭವ್ ತಳಿಗಳನ್ನೂ ಎಲೆ ಮುಟುರು ರೋಗಕ್ಕೆಂದೇ ಬೆಳೆಸಿದ್ದು. ಆದರೆ ಮುಟುರು ತಡೆಯುವ ತಳಿ ಥ್ರಿಪ್ಸ್ ತರುವ ಕುಡಿ ಸಾಯುವ ರೋಗವನ್ನು ತಡೆಯುವುದಿಲ್ಲ. ‘ನಿರೋಧಕ ತಳಿ ಹಾಕಿದರೂ ವೈರಸ್ ಬಂತು’ ಎನ್ನುವ ದೂರಿನಲ್ಲಿ ಎಷ್ಟೋ ಸಲ ಬಂದಿರುವುದು ಬೇರೆಯೇ ವೈರಸ್. ತಡೆಯುವ ಶಕ್ತಿಗೂ ಕಾಲಮಿತಿ ಇದೆ. ಬೆಂಡೆಯ ಪೂಸಾ ಸಾವನಿ ಒಂದು ಕಾಲಕ್ಕೆ ಹಳದಿ ನಂಜಿಗೆ ಬಗ್ಗದ ತಳಿ ಎಂದು ದೇಶವೆಲ್ಲ ಬೆಳೆದರು, ಕೆಲವು ವರ್ಷಗಳಲ್ಲಿ ಅದೂ ಸೋತಿತು. ಈಗ ಬೆಂಡೆಗೆ ಅರ್ಕಾ ಅನಾಮಿಕ ಇದೆ, ಅದರ ನಂತರದ ಹೈಬ್ರಿಡ್‌ಗಳಿವೆ. ನಿಮ್ಮ ಊರಿನಲ್ಲಿ ಕಳೆದ ಹಂಗಾಮಿನಲ್ಲಿ ಯಾವುದು ಹೇಗೆ ನಿಂತಿತು ಎಂದು ಪಕ್ಕದವರನ್ನು ಕೇಳಿ ತೀರ್ಮಾನಿಸಿ.

ಹಂತ 4: ಸಸಿಯಲ್ಲೇ ರೋಗ ಬಾರದಂತೆ ಕಾಯಿರಿ

ಎಲೆ ಮುಟುರು ರೋಗ ಸಸಿ ಹಂತದಲ್ಲೋ ನಾಟಿಯಾದ ಮೊದಲ ಮೂರು ನಾಲ್ಕು ವಾರದಲ್ಲೋ ಬಂದರೆ ಆ ಗಿಡದಿಂದ ಇಳುವರಿ ಹೆಚ್ಚುಕಮ್ಮಿ ಏನೂ ಇಲ್ಲ. ಎರಡು ತಿಂಗಳ ನಂತರ ಬಂದರೆ ನಷ್ಟ ಅಲ್ಪ. ಆದ್ದರಿಂದ ಖರ್ಚು ಮಾಡುವ ಪ್ರತಿ ರೂಪಾಯಿಯನ್ನೂ ಮೊದಲ ಆರು ಏಳು ವಾರಕ್ಕೆ ಇಡಿ. ಅದರಲ್ಲೂ ಸಸಿಗೆ.

ನೀವೇ ಸಸಿ ಬೆಳೆಸುವುದಾದರೆ 40ರಿಂದ 50 ಮೆಶ್‌ನ (ಇಂಚಿಗೆ ಅಷ್ಟು ಕಣ್ಣು ಇರುವ) ನೈಲಾನ್ ಪರದೆಯೊಳಗೆ ಬೆಳೆಸಿ. ನೆರಳು ಪರದೆ ನೊಣವನ್ನು ತಡೆಯುವುದಿಲ್ಲ, ಅದರ ಕಣ್ಣು ದೊಡ್ಡದು. ಎಕರೆಗಟ್ಟಲೆ ಸಸಿ ಬೇಕಿಲ್ಲದವರು ಬಿದಿರಿನ ದಬ್ಬೆ ಬಾಗಿಸಿ ಕಮಾನು ಮಾಡಿ ಅದರ ಮೇಲೆ ಪರದೆ ಹೊದಿಸಿ, ಅಂಚನ್ನು ಸುತ್ತಲೂ ಮಣ್ಣಿನಲ್ಲಿ ಹೂತರೆ ಸಾಕು. ನೀರು ಹಾಕಲು ಒಂದು ಕಡೆ ಎತ್ತಿ ಹಾಗೇ ಬಿಟ್ಟುಹೋದರೆ ಪರದೆ ಕಟ್ಟಿದ್ದು ದಂಡ. ಥ್ರಿಪ್ಸ್ ಬಿಳಿ ನೊಣಕ್ಕಿಂತ ಸಣ್ಣದು, ಈ ಪರದೆಯಲ್ಲೂ ನುಸುಳುತ್ತದೆ. ಆದ್ದರಿಂದ ಒಳಗೆ ಒಂದು ಹಳದಿ, ಒಂದು ನೀಲಿ ಅಂಟು ಹಾಳೆ ತೂಗುಹಾಕಿ. ಹಳದಿಗೆ ಬಿಳಿ ನೊಣ ಬಂದು ಅಂಟಿಕೊಂಡರೆ ಪರದೆ ಎಲ್ಲೋ ಹರಿದಿದೆ ಎಂದು, ನೀಲಿಗೆ ಥ್ರಿಪ್ಸ್ ಅಂಟಿಕೊಂಡರೆ ಅದು ಒಳಗೆ ನುಸುಳಿದೆ ಎಂದು ಗೊತ್ತಾಗುತ್ತದೆ.

ನರ್ಸರಿಯಿಂದ ಕೊಳ್ಳುವುದಾದರೆ ಟ್ರೇ ಎಣಿಸಿ ಗಾಡಿಗೆ ಹಾಕುವ ಮೊದಲು ಹತ್ತು ನಿಮಿಷ ಕೊಡಿ. ಬಾಗಿಲು ಎರಡು ಇವೆಯೇ, ಪರದೆಯಲ್ಲಿ ತೂತು ಇವೆಯೇ, ಶೆಡ್ ಪಕ್ಕದಲ್ಲೇ ಹಳೆಯ ಟೊಮೆಟೊ, ಬದನೆ, ಕಾಂಗ್ರೆಸ್ ಗಿಡ ಇವೆಯೇ ನೋಡಿ. ಒಂದು ಟ್ರೇ ಎತ್ತಿ ಮೆಲ್ಲಗೆ ಅಲುಗಾಡಿಸಿ. ಅಕ್ಕಿಹಿಟ್ಟು ಚೆಲ್ಲಿದ ಹಾಗೆ ಬಿಳಿ ನೊಣ ಎದ್ದರೆ ಆ ಶೆಡ್ಡಿನ ಸಸಿ ಬೇಡ. ಎಲೆ ತಿರುಗಿಸಿ ಕೆಳಮೈ ನೋಡಿ: ಎಲೆಗೆ ಅಂಟಿಕೊಂಡ, ಅಲುಗದ, ತೆಳು ಹಳದಿಯ ಚಪ್ಪಟೆ ಚುಕ್ಕೆಗಳು ಕಂಡರೆ ಅವು ಬಿಳಿ ನೊಣದ ಮರಿಗಳು. ಇಪ್ಪತ್ತೊಂದರಿಂದ ಇಪ್ಪತ್ತೈದು ದಿನದ ಸಸಿ ನಾಟಿಗೆ ಸರಿ. ರೋಗ ಅಂಟಿದ ಸಸಿ ಲಕ್ಷಣ ತೋರಲು ಎರಡು ವಾರವಾದರೂ ಬೇಕಾಗುವುದರಿಂದ ಟ್ರೇಯಲ್ಲಿ ಹಸಿರಾಗಿ ಕಾಣುವುದು ಯಾವುದಕ್ಕೂ ಖಾತ್ರಿಯಲ್ಲ. ನೋಡಬೇಕಾದದ್ದು ನೊಣ ಇದೆಯೇ ಎಂದು.

ನರ್ಸರಿಯಿಂದ ಹೊರಡುವ ಮುನ್ನ ಸಸಿಗೆ ಅಂತರ್ವ್ಯಾಪಿ, ಅಂದರೆ ಗಿಡದೊಳಗೆ ಹರಡುವ ಕೀಟನಾಶಕ ಉಣಿಸುವ ರೂಢಿ ಇದೆ, ಒಳ್ಳೆಯದು. ಎರಡು ಮೂರು ವಾರ ಕಾಯುತ್ತದೆ. ಯಾವುದು ಹಾಕಿದ್ದಾರೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಹೊಲದ ಮೊದಲ ಸಿಂಪಡಣೆಗೆ ಅದೇ ಗುಂಪಿನದ್ದು ಬೇಡ.

ಹಂತ 5: ನಾಟಿಯ ಸುತ್ತ ಬೇಲಿ ಬೆಳೆ, ಸಾಲಿಗೆ ಬೆಳ್ಳಿ ಹಾಳೆ

ನಾಟಿಗೆ ಹದಿನೈದು ಇಪ್ಪತ್ತು ದಿನ ಮೊದಲು ತೋಟದ ಸುತ್ತ ಎರಡು ಮೂರು ಸಾಲು ಮುಸುಕಿನ ಜೋಳ ಅಥವಾ ಬಿಳಿ ಜೋಳ ಒತ್ತಾಗಿ ಬಿತ್ತಿ. ನಾಟಿಯ ಹೊತ್ತಿಗೆ ಅದು ಮೊಣಕಾಲು ದಾಟಿರಬೇಕು. ಗಾಳಿಯಲ್ಲಿ ಬರುವ ನೊಣ, ಥ್ರಿಪ್ಸ್‌ಗೆ ತಡೆ, ಹೇನಿಗೆ ಮೂತಿ ಒರೆಸುವ ಜಾಗ. ನಾಟಿಯ ದಿನವೇ ಬಿತ್ತಿದ ಜೋಳ ಎತ್ತರ ಬರುವಷ್ಟರಲ್ಲಿ ಬೇಕಾದ ಕಾಲ ಮುಗಿದಿರುತ್ತದೆ.

ಮಲ್ಚಿಂಗ್ ಹಾಳೆ (ಸಾಲಿನ ಮಣ್ಣು ಮುಚ್ಚುವ ಪ್ಲಾಸ್ಟಿಕ್) ಹಾಕುವವರು ಬೆಳ್ಳಿ ಬಣ್ಣದ ಮಗ್ಗುಲು ಮೇಲಿಡಿ. ಆ ಹೊಳಪಿಗೆ ಹೇನು, ನೊಣ, ಥ್ರಿಪ್ಸ್ ಇಳಿಯುವುದು ಕಡಿಮೆ. ಗಿಡ ಹರಡಿ ಹಾಳೆ ಮುಚ್ಚಿದ ಮೇಲೆ ಈ ಗುಣ ಇರುವುದಿಲ್ಲ, ಅಷ್ಟರಲ್ಲಿ ಗಿಡವೂ ಗಟ್ಟಿಯಾಗಿರುತ್ತದೆ. ಕಲ್ಲಂಗಡಿ, ಕರಬೂಜ, ಸೌತೆಗೆ ಗಿಡದ ಮೇಲೆ ಹೊದಿಸುವ ತೆಳು ಬಟ್ಟೆ, ಕ್ರಾಪ್ ಕವರ್, ಇನ್ನೂ ಒಳ್ಳೆಯದು. ಹೆಣ್ಣು ಹೂ ಶುರುವಾದ ದಿನ ತೆಗೆಯಬೇಕು, ಇಲ್ಲದಿದ್ದರೆ ಜೇನು ಬರದೆ ಕಾಯಿ ನಿಲ್ಲುವುದಿಲ್ಲ.

ಹಂತ 6: ಮೊದಲ 45 ದಿನ ವಾರಕ್ಕೆರಡು ಸಲ ಸುತ್ತು

ಬೆಳಿಗ್ಗೆ ಬಿಸಿಲೇರುವ ಮೊದಲು ಹೋಗಿ. ಆಗ ಬಿಳಿ ನೊಣ ಮಂಕಾಗಿ ಎಲೆಯ ಕೆಳಗೆ ಕೂತಿರುತ್ತದೆ. ತೋಟದ ಐದು ಕಡೆ ಇಪ್ಪತ್ತಿಪ್ಪತ್ತು ಗಿಡ ನೋಡಿ. ಆಗ ರೋಗದ ಗಿಡ ನೂರಕ್ಕೆ ಎಷ್ಟು ಎಂಬ ಲೆಕ್ಕ ನೇರ ಸಿಗುತ್ತದೆ. ಬದುವಿನ ಕಡೆಯ ಸಾಲುಗಳನ್ನು ಬಿಡದೆ ನೋಡಿ, ರೋಗ ಹೊರಗಿನಿಂದ ಬರುವಾಗ ಮೊದಲು ಕಾಣುವುದು ಅಲ್ಲೇ.

ರೋಗದ ಗಿಡ ಕಂಡರೆ ಕೀಳಬೇಕು. ಕೈಯಿಂದ ಜಗ್ಗಿ ಎಳೆದರೆ ಅದರ ಮೇಲಿನ ನೊಣವೆಲ್ಲ ಎದ್ದು ಪಕ್ಕದ ಗಿಡಕ್ಕೆ ಕೂರುತ್ತದೆ, ನೀವೇ ರೋಗ ಹಂಚಿದಂತೆ. ಒಂದು ದೊಡ್ಡ ಪ್ಲಾಸ್ಟಿಕ್ ಚೀಲವನ್ನು ಗಿಡದ ಮೇಲಿನಿಂದ ಮೆಲ್ಲಗೆ ಇಳಿಸಿ, ಬುಡದಲ್ಲಿ ಬಾಯಿ ಹಿಡಿದು, ಚೀಲದ ಸಮೇತ ಕೀಳಿ. ಬಾಯಿ ಕಟ್ಟಿ ದಿನವಿಡೀ ಬಿಸಿಲಿಗೆ ಇಟ್ಟರೆ ಒಳಗಿನ ಕೀಟ ಸಾಯುತ್ತದೆ, ಆಮೇಲೆ ಹೂಳಿ. ಕಿತ್ತ ಗಿಡವನ್ನು ಬದುವಿನ ಮೇಲೆ ಎಸೆಯಬೇಡಿ. ‘ಕಾಯಿ ಒಂದೆರಡು ಬರಬಹುದು, ಇರಲಿ’ ಎಂಬ ಮನಸ್ಸು ಎಲ್ಲರಿಗೂ ಬರುತ್ತದೆ. ಬೆಲೆ ಚೆನ್ನಾಗಿರುವಾಗ ಇನ್ನೂ ಕಷ್ಟ. ಆದರೆ ಆ ಒಂದು ಗಿಡ ಬಿಟ್ಟರೆ ಅದು ಸುತ್ತಲಿನ ಹತ್ತಾರು ಗಿಡಕ್ಕೆ ಅಂಟಿಸುತ್ತದೆ. ರೋಗ ನೂರಕ್ಕೆ ನಾಲ್ಕೈದು ಇರುವತನಕ ಕೀಳುವುದು ಕೆಲಸಕ್ಕೆ ಬರುತ್ತದೆ. ನೂರಕ್ಕೆ ಮೂವತ್ತು ನಲವತ್ತು ಗಿಡಕ್ಕೆ ಬಂದ ಮೇಲೆ, ಅಥವಾ ಬೆಳೆ ಎರಡು ತಿಂಗಳು ದಾಟಿದ ಮೇಲೆ, ಕೀಳುವುದರಿಂದ ಲಾಭ ಕಡಿಮೆ. ಆಗ ಗೊಬ್ಬರ, ನೀರು ಸರಿಯಾಗಿ ಕೊಟ್ಟು ಇರುವ ಕಾಯಿ ಉಳಿಸಿಕೊಳ್ಳಿ.

ಸಿಂಪಡಣೆಯ ಬಗ್ಗೆ ಮೂರು ಮಾತು. ಬಿಳಿ ನೊಣ ಇರುವುದು ಎಲೆಯ ಕೆಳಮೈಯಲ್ಲಿ. ನಳಿಕೆಯನ್ನು ಕೆಳಗಿನಿಂದ ಮೇಲಕ್ಕೆ ಹಿಡಿಯದೆ ತಲೆಯ ಮೇಲಿಂದ ಹೊಡೆದ ಔಷಧಿ ಎಲೆ ತೊಳೆಯುತ್ತದೆ ಅಷ್ಟೆ. ಎರಡನೆಯದು, ಹೆಸರು ಬದಲಾದರೆ ಔಷಧಿ ಬದಲಾಗಲಿಲ್ಲ. ಇಮಿಡಾಕ್ಲೋಪ್ರಿಡ್, ಥಯೋಮೆಥಾಕ್ಸಾಮ್, ಅಸಿಟಾಮಿಪ್ರಿಡ್ ಮೂರೂ ಒಂದೇ ಗುಂಪು. ಈ ವಾರ ಒಂದು ಮುಂದಿನ ವಾರ ಇನ್ನೊಂದು ಹೊಡೆದರೆ ಒಂದೇ ಔಷಧಿಯನ್ನು ಎರಡು ಸಲ ಹೊಡೆದ ಹಾಗೆ, ನೊಣ ಬೇಗ ಒಗ್ಗಿಕೊಳ್ಳುತ್ತದೆ. ಸ್ಪೈರೋಮೆಸಿಫೆನ್, ಡಯಾಫೆನ್‌ಥಿಯೂರಾನ್, ಸಯಾಂಟ್ರಾನಿಲಿಪ್ರೋಲ್ ಬೇರೆ ಬೇರೆ ಗುಂಪಿನವು. ನಿಮ್ಮ ಬೆಳೆಗೆ ಶಿಫಾರಸು ಇದೆಯೇ, ಪ್ರಮಾಣ ಎಷ್ಟು, ಹೊಡೆದು ಎಷ್ಟು ದಿನದ ಮೇಲೆ ಕಾಯಿ ಬಿಡಿಸಬಹುದು ಎಂಬುದನ್ನು ಲೇಬಲ್‌ನಲ್ಲೇ ಓದಿ ಮಾಡಿ. ನಾವು ಬಿಡಿಸಿದ ಕಾಯಿ ಮಾರನೇ ದಿನ ಯಾರದೋ ಮನೆಯ ಮಕ್ಕಳ ತಟ್ಟೆಯಲ್ಲಿರುತ್ತದೆ. ಮೂರನೆಯದು, ಹುಳುವಿಗೆಂದು ಸಿಂಥೆಟಿಕ್ ಪೈರೆಥ್ರಾಯ್ಡ್‌ಗಳನ್ನು ಪದೇ ಪದೇ ಹೊಡೆದರೆ ಬಿಳಿ ನೊಣ ತಿನ್ನುವ ಮಿತ್ರಕೀಟಗಳೆಲ್ಲ ಸತ್ತು ನೊಣ ಹೆಚ್ಚುತ್ತದೆ. ಎರಡು ರಾಸಾಯನಿಕದ ನಡುವೆ ಬೇವಿನ ಬೀಜದ ಕಷಾಯ ಇರಲಿ: 5 ಕಿಲೋ ಬೇವಿನ ಬೀಜದ ತಿರುಳು ಕುಟ್ಟಿ ರಾತ್ರಿ ನೆನೆಸಿ, ಸೋಸಿ, ಸ್ವಲ್ಪ ಸೋಪು ಬೆರೆಸಿ 100 ಲೀಟರ್ ಮಾಡಿ, ಸಂಜೆ ಹೊತ್ತು ಹೊಡೆಯಿರಿ. ನೊಣವನ್ನು ಆ ಕ್ಷಣ ಕೊಲ್ಲುವುದಿಲ್ಲ, ಮರಿಯ ಬೆಳವಣಿಗೆ ತಡೆಯುತ್ತದೆ.

ಬಳ್ಳಿ ತರಕಾರಿಯ ಮೊಸಾಯಿಕ್‌ಗೆ ಮಾತ್ರ ಕೀಟನಾಶಕದ ಮೇಲೆ ಭರವಸೆ ಇಡಬೇಡಿ. ಕಾರಣ ಎರಡನೇ ಹಂತದಲ್ಲಿ ಹೇಳಿದ್ದೇನೆ.

ಹಂತ 7: ಕೈ ತೊಳೆಯಿರಿ

ಪಾಲಿಹೌಸ್‌ನಲ್ಲಿ ದಪ್ಪ ಮೆಣಸಿನಕಾಯಿ, ಟೊಮೆಟೊ ಬೆಳೆಯುವವರಿಗೆ ಇದು ಎಲ್ಲಕ್ಕಿಂತ ಮುಖ್ಯ. ಟೊಮೆಟೊ ಮೊಸಾಯಿಕ್, ತಂಬಾಕು ಮೊಸಾಯಿಕ್ ವೈರಸ್ಸುಗಳು ಗಿಡದ ರಸದಲ್ಲಿ ತುಂಬಿರುತ್ತವೆ. ಕಂಕುಳ ಕುಡಿ ಚಿವುಟುವಾಗ ಬೆರಳಿಗೆ ಹತ್ತುವ ಹಸಿರು ಅಂಟು ಇದೆಯಲ್ಲ, ಒಂದು ರೋಗದ ಗಿಡದ ಆ ಅಂಟು ಸಾಲಿನುದ್ದಕ್ಕೂ ಮುಂದಿನ ಗಿಡಗಳಿಗೆ ರೋಗ ಹಚ್ಚುತ್ತಾ ಹೋಗುತ್ತದೆ. ಅದಕ್ಕೇ ಈ ವೈರಸ್ ಬಂದ ಕಡೆ ರೋಗ ಸಾಲು ಹಿಡಿದು ಕಾಣುತ್ತದೆ. ಒಣಗಿದ ಎಲೆಯಲ್ಲಿ, ಕಟ್ಟಿದ ದಾರದಲ್ಲಿ, ಕೋಲಿನ ಮೇಲೆ ತಿಂಗಳುಗಟ್ಟಲೆ ಬದುಕಿರುತ್ತದೆ. 2015ರಲ್ಲಿ ಜೋರ್ಡಾನ್‌ನ ಹಸಿರುಮನೆಗಳಲ್ಲಿ ಕಂಡ ಟೊಮೆಟೊ ಕಂದು ಸುಕ್ಕುಕಾಯಿ ವೈರಸ್ ಇದೇ ಗುಂಪಿನದು. ಅದುವರೆಗೆ ಈ ಗುಂಪನ್ನು ದಶಕಗಟ್ಟಲೆ ತಡೆದು ನಿಂತಿದ್ದ ತಳಿಗಳನ್ನೂ ಅದು ಮೀರಿತು, ಕೆಲವೇ ವರ್ಷಗಳಲ್ಲಿ ಹಲವು ಖಂಡಗಳಿಗೆ ಹೋಯಿತು. ಹೋದದ್ದು ಬೀಜದ ಮೈಮೇಲೆ, ಸಸಿಯ ಜೊತೆ, ಕೆಲಸಗಾರರ ಕೈಯಲ್ಲಿ.

ಕುಡಿ ಚಿವುಟುವ, ದಾರ ಕಟ್ಟುವ ಕೆಲಸಕ್ಕೆ ಮೊದಲು ಸೋಪಿನಿಂದ ಕೈ ತೊಳೆಯಬೇಕು. ಒಂದು ಲೀಟರ್ ನೀರಿಗೆ 200 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಕಲಸಿ ಸಾಲಿನ ತುದಿಯಲ್ಲಿಟ್ಟು, ಆಗಾಗ ಕೈ ಮತ್ತು ಕತ್ತರಿ ಅದ್ದಿಕೊಳ್ಳಲಿ. ಹಾಲಿನ ಪ್ರೋಟೀನು ವೈರಸ್ಸನ್ನು ಕಟ್ಟಿಹಾಕುತ್ತದೆ. ರೋಗ ಅನುಮಾನ ಇರುವ ಸಾಲಿನ ಕೆಲಸ ದಿನದ ಕೊನೆಗೆ ಇಟ್ಟುಕೊಳ್ಳಿ. ಬೀಡಿ ಸೇದುವವರು, ಹೊಗೆಸೊಪ್ಪು ಹಾಕುವವರು ಕೈ ತೊಳೆಯದೆ ಗಿಡ ಮುಟ್ಟಬಾರದು. ತಂಬಾಕು ಒಣಗಿಸಿ ಹದ ಮಾಡಿದ ಮೇಲೂ ಅದರಲ್ಲಿ ಈ ವೈರಸ್ ಉಳಿದಿರುತ್ತದೆ. ಇದನ್ನು ಕೆಲಸಕ್ಕೆ ಬರುವ ಹೆಣ್ಣುಮಕ್ಕಳಿಗೆ, ಅಣ್ಣಂದಿರಿಗೆ ಬೈಯ್ದು ಹೇಳಿದರೆ ಆಗುವುದಿಲ್ಲ. ನೀರು, ಸೋಪು, ಬಕೆಟ್ಟು ನಾವೇ ತಂದಿಟ್ಟು, ಯಾಕೆಂದು ಒಂದು ಸಲ ಬಿಡಿಸಿ ಹೇಳಿ ಮೊದಲು ನಾವು ತೊಳೆದು ತೋರಿಸಬೇಕು.

ಸ್ವಂತ ಬೀಜ ತೆಗೆಯುವವರು ಟ್ರೈಸೋಡಿಯಂ ಫಾಸ್ಫೇಟ್ ಒಂದು ಲೀಟರಿಗೆ 100 ಗ್ರಾಂ ಕರಗಿಸಿ, ಬೀಜವನ್ನು 15ರಿಂದ 20 ನಿಮಿಷ ಅದ್ದಿ, ಚೆನ್ನಾಗಿ ತೊಳೆದು ನೆರಳಲ್ಲಿ ಒಣಗಿಸಿ. ಬೀಜದ ಸಿಪ್ಪೆ ಮೇಲಿನ ವೈರಸ್ ಹೋಗುತ್ತದೆ. ಕಂಪನಿಯ ಉಪಚರಿಸಿದ ಬೀಜಕ್ಕೆ ಇದು ಬೇಡ. ಅಲಸಂದೆ, ಹುರುಳಿಕಾಯಿಯಲ್ಲಿ ಮೊಸಾಯಿಕ್ ಬೀಜದ ಒಳಗೇ ಇರುತ್ತದೆ, ಯಾವ ತೊಳೆಯುವಿಕೆಗೂ ಬಗ್ಗದು. ಅಲ್ಲಿ ರೋಗವಿಲ್ಲದ ಗಿಡದಿಂದ ಬೀಜ ಹಿಡಿಯುವುದೊಂದೇ ದಾರಿ.

ಹಂತ 8: ಕೊನೆಯ ಕೊಯ್ಲಿನ ವಾರವೇ ತೋಟ ಕೀಳಿ

ಬೆಲೆ ಬಿದ್ದಾಗ ಬಿಡಿಸುವ ಕೂಲಿಯೂ ಹುಟ್ಟದೆ ತೋಟವನ್ನು ಹಾಗೇ ಬಿಟ್ಟುಬಿಡುತ್ತೇವೆ. ಬೇಸರ ಅರ್ಥವಾಗುತ್ತದೆ. ಆದರೆ ನೀರು ನಿಲ್ಲಿಸಿ ಬಿಟ್ಟ ಆ ಟೊಮೆಟೊ ಒಣಗಲು ಹಲವು ವಾರ ಬೇಕು, ಅಷ್ಟೂ ದಿನ ಸುತ್ತಲಿನ ಹೊಸ ನಾಟಿಗಳಿಗೆಲ್ಲ ಅಲ್ಲಿಂದ ನೊಣ, ಥ್ರಿಪ್ಸ್ ಹೋಗುತ್ತಲೇ ಇರುತ್ತವೆ. ಕೀಳುವ ಹಿಂದಿನ ದಿನ ಸಂಜೆ ಒಂದು ಸಲ ನೊಣಕ್ಕೆ ಸಿಂಪಡಿಸಿ, ಮಾರನೇ ದಿನ ಬೆಳಿಗ್ಗೆ ಕಿತ್ತು, ಗುಂಡಿಯಲ್ಲಿ ಹಾಕಿ ಮಣ್ಣು ಮುಚ್ಚಿ. ಥ್ರಿಪ್ಸ್ ಕೋಶ ಮಣ್ಣಿನಲ್ಲೇ ಇರುವುದರಿಂದ ಒಂದು ಸಲ ಉಳುಮೆ ಮಾಡಿ ಬಿಸಿಲು ತಿನ್ನಿಸಿ.

ಆಮೇಲೆ ಅದೇ ತುಂಡಿಗೆ ಟೊಮೆಟೊ, ಬದನೆ, ಮೆಣಸಿನಕಾಯಿ, ಬೆಂಡೆ ಬೇಡ. ರಾಗಿ, ಮುಸುಕಿನ ಜೋಳ, ಈರುಳ್ಳಿ ಹಾಕಿ. ಬಿಳಿ ನೊಣ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಸುಮಾರು ಮೂರು ವಾರ. ಅದಕ್ಕೆ ಬೇಕಾದ ಗಿಡ ಇಲ್ಲದ ಎರಡು ತಿಂಗಳು ಸಿಕ್ಕರೆ ಅದರ ಸಂತತಿ ಕುಸಿಯುತ್ತದೆ, ಉಳಿದವುಗಳಲ್ಲಿ ವೈರಸ್ ಹೊತ್ತವು ಕಡಿಮೆ. ಒಬ್ಬರೇ ಮಾಡಿದರೆ ಸಾಲದು, ಪಕ್ಕದ ಹೊಲದಿಂದ ಬರುತ್ತದೆ. ಡೊಮಿನಿಕನ್ ಗಣರಾಜ್ಯದಲ್ಲಿ 1990ರ ದಶಕದಲ್ಲಿ ಟೊಮೆಟೊ ಬೆಳೆ ಇದೇ ಬಗೆಯ ವೈರಸ್ಸಿನಿಂದ ನೆಲಕಚ್ಚಿದಾಗ ಸರ್ಕಾರ ವರ್ಷಕ್ಕೆ ಮೂರು ತಿಂಗಳು ಟೊಮೆಟೊ, ಬದನೆ, ಸೌತೆ, ಹುರುಳಿಕಾಯಿಯಂಥ ನೊಣ ಬೆಳೆಯುವ ಬೆಳೆಗಳನ್ನೇ ಆ ಪ್ರದೇಶಗಳಲ್ಲಿ ನಿಷೇಧಿಸಿತು. ರೋಗ ಹಿಡಿತಕ್ಕೆ ಬಂತು, ಬೆಳೆ ಮರಳಿತು.

ಕೋಲಾರದಂಥ ಕಡೆ, ವರ್ಷವಿಡೀ ಮಾರುಕಟ್ಟೆಗೆ ಬಾಕ್ಸ್ ಹೋಗುತ್ತಲೇ ಇರುವಲ್ಲಿ, ಅಂಥ ನಿಯಮ ನಾಳೆಯೇ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಒಂದು ಕೆರೆಯ ಕೆಳಗಿನ, ಅಕ್ಕಪಕ್ಕದ ಹತ್ತು ಹದಿನೈದು ಮನೆಯವರು ಕೂತು ಮಾತಾಡಬಹುದು. ಬೇಸಿಗೆಗೆ ಮೊದಲು ಎಲ್ಲರೂ ಹಳೆಯ ತೋಟ ಒಂದೇ ವಾರದಲ್ಲಿ ಕೀಳುವುದು, ಹೊಸ ನಾಟಿಯನ್ನು ಹತ್ತು ದಿನದ ಅಂತರದೊಳಗೆ ಎಲ್ಲರೂ ಮುಗಿಸುವುದು, ಬದುವಿನ ಕಾಂಗ್ರೆಸ್ ಗಿಡವನ್ನು ಒಂದು ಭಾನುವಾರ ಒಟ್ಟಿಗೆ ಕೀಳುವುದು. ಯಾರ ತೋಟ ಮೊದಲು ಮುಗಿಯುತ್ತದೆ, ಯಾರದು ತಡ ಎಂಬ ಪಟ್ಟಿಯನ್ನು ಈ ಹಂಗಾಮಿನಲ್ಲೇ ಬರೆದಿಟ್ಟುಕೊಂಡರೆ ಮುಂದಿನ ಹಂಗಾಮಿನ ಮಾತುಕತೆ ಅಲ್ಲಿಂದ ಶುರು ಮಾಡಬಹುದು.